ವಿಷಯ: ಬಿಳಿ ಕುದುರೆಯ ಹೆಸರಿನ ಕುರಿತು

ಸೊಕೊಲಿನ್ ಕೋಟೆಯನ್ನು ಮಾರ್ಗದರ್ಶಿಯೊಂದಿಗೆ ಸುತ್ತಿ ನೋಡಲು ನಲವತ್ತೈದು ನಿಮಿಷ ಬೇಕು. ಕೌಟ್ನಿ ಕುಟುಂಬದವರಿಗೆ ಹನ್ನೆರಡು ದಿನ ಬೇಕಾಯಿತು. ಎರಡೂ ನಿಯಮಾನುಸಾರವೇ ನಡೆದಿವೆ. ಊರಿನ ಬಿಯರ್ ಅಂಗಡಿಯಲ್ಲಿ ಕೂತು "ಒಂದು ಸಂಸಾರವನ್ನೇ ಕೂಡಿಹಾಕಿದ್ದರಂತೆ" ಎಂದು ಬಾಯಿಗೆ ಬಂದಂತೆ ಮಾತಾಡುವವರಿದ್ದಾರೆ. ಯಾರೂ ಯಾರನ್ನೂ ಕೂಡಿಹಾಕಿಲ್ಲ. ಬಾಗಿಲಿಗೆ ಬೀಗ ಹಾಕಿತ್ತು, ಅಷ್ಟೆ. ನಮ್ಮ ದೇಶದ ಯಾವ ಕೋಟೆಗಾದರೂ ಹೋಗಿ ನೋಡಿ, ಮಾರ್ಗದರ್ಶಿ ಹಿಂದಿನ ಕೋಣೆಗೆ ಬೀಗ ಜಡಿದ ಮೇಲೆಯೇ ಮುಂದಿನ ಕೋಣೆಯ ಬೀಗ ತೆಗೆಯುವುದು. ನಾನು, ದ್ರಾಹೊಮೀರಾ ವಾಲ್ಹೋವಾ, ಇಪ್ಪತ್ತೆರಡು ವರ್ಷದಿಂದ ಹಾಗೆಯೇ ಮಾಡುತ್ತ ಬಂದಿದ್ದೇನೆ. ಇಲ್ಲಿಯವರೆಗೆ ನನ್ನ ಕೈಯಿಂದ ಒಂದು ಕೋಣೆಯೂ ಕಳೆದುಹೋಗಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಪ್ರಾಂತೀಯ ಸ್ಮಾರಕ ಕಚೇರಿಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ಕೋಟೆಯು ಕುಟುಂಬಸ್ನೇಹಿಯಾಗಿರತಕ್ಕದ್ದು. ನಮ್ಮ ಕಿಲ್ಲೇದಾರರಾದ ದೊಬ್ರೊಮಿಲ್ ಶ್ಟೆರ್ಬಾ ಅವರು ಅದನ್ನು ಮೂರು ಸಲ ಓದಿ, ಕೂಡಲೇ ಕಾರ್ಯಪ್ರವೃತ್ತರಾದರು. ಚಿತ್ರಹಿಂಸೆಯ ಕೋಣೆಗೆ ‘ಪ್ರಾಚೀನ ವ್ಯಾಯಾಮಶಾಲೆ’ ಎಂದು ಫಲಕ ಬಿತ್ತು. ಕೈದಿಗಳನ್ನು ಉಪವಾಸ ಕೆಡವಿ ಸಾಯಿಸುತ್ತಿದ್ದ ಗೋಪುರ ‘ಮಿತಾಹಾರ ಗೋಪುರ’ ಆಯಿತು. ಮುನ್ನೂರು ವರ್ಷದಿಂದ ಮಹಡಿಯಲ್ಲಿ ಓಡಾಡುತ್ತಿರುವ ಬಿಳಿ ನಿಲುವಂಗಿಯ ಹೆಂಗಸನ್ನು ದೆವ್ವವೆಂದು ಕರೆಯುವಂತಿಲ್ಲ. ‘ಹಿಂದಿನ ಸಿಬ್ಬಂದಿ’ ಎನ್ನಬೇಕು. ಇದೆಲ್ಲ ನನಗೆ ಒಪ್ಪಿಗೆಯೇ. ಮಕ್ಕಳು ಹೆದರಿ ನೆಲದ ಮೇಲೆ ಮಾಡಿಕೊಂಡರೆ ಒರೆಸುವವಳು ನಾನೇ ತಾನೆ.

ಸುತ್ತೋಲೆಯ ಏಳನೇ ಕಲಂ ಹೀಗಿತ್ತು: ‘ಮಗುವು ಕೇಳಿದ ಯಾವ ಪ್ರಶ್ನೆಯನ್ನೂ ಉತ್ತರಿಸದೆ ಬಿಡತಕ್ಕದ್ದಲ್ಲ. ಉತ್ತರ ದೊರೆಯುವವರೆಗೆ ಆ ಕುಟುಂಬವು ಸದರಿ ಕೋಣೆಯನ್ನು ನೋಡಿ ಮುಗಿಸಿದೆ ಎಂದು ಪರಿಗಣಿಸತಕ್ಕದ್ದಲ್ಲ.’ ನೋಡಿ ಮುಗಿಸದ ಕೋಣೆಯಿಂದ ಮುಂದಕ್ಕೆ ಬಿಡುವಂತಿಲ್ಲ ಎಂಬುದು ಮೊದಲಿಂದಲೂ ಇದ್ದ ನಿಯಮ. ಹಿಂದಕ್ಕೆ ಬಿಡುವಂತಿಲ್ಲ ಎಂಬುದು ಅದಕ್ಕಿಂತ ಹಳೆಯದು. ಎಂಟನೇ ಕಲಮಿನ ಪ್ರಕಾರ ಉತ್ತರವು ಅನುಮೋದಿತ ಪಠ್ಯದಲ್ಲಿ ಇರತಕ್ಕದ್ದು. ಮಾರ್ಗದರ್ಶಿಯು ತನ್ನ ತಲೆಯಿಂದ ಏನನ್ನೂ ಹೇಳತಕ್ಕದ್ದಲ್ಲ.

ಆಗಸ್ಟ್ ಇಪ್ಪತ್ತು, ಭಾನುವಾರ, ಬೆಳಗಿನ ಒಂಬತ್ತರ ಗುಂಪು. ಊರೆಲ್ಲ ಅಣಬೆ ಕೀಳಲು ಕಾಡಿಗೆ ಹೋಗಿದ್ದರಿಂದ ಗುಂಪಿನಲ್ಲಿ ಇದ್ದದ್ದು ಪ್ರೊಸ್ತೆಯೋವ್‌ನಿಂದ ಬಂದ ಆ ನಾಲ್ವರೇ. ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುವ ಒತಕರ್ ಕೌಟ್ನಿ, ಅವನ ಹೆಂಡತಿ ಯಿತ್ಕಾ, ಏಳು ವರ್ಷಕ್ಕೆ ಬಿದ್ದ ಮಗಳು ಆಪೋಲೆನಾ, ಮತ್ತು ಯಿತ್ಕಾಳ ತಾಯಿ ಫಿಲೊಮೆನಾ ಅಜ್ಜಿ. ಎಲ್ಲರೂ ಬೂಟಿನ ಮೇಲೆ ನಮ್ಮ ಕಂಬಳಿ ಬಟ್ಟೆಯ ದೊಡ್ಡ ಚಪ್ಪಲಿ ಸಿಕ್ಕಿಸಿಕೊಂಡು, ಮರದ ನೆಲಕ್ಕೆ ಪುಕ್ಕಟೆ ಪಾಲಿಶ್ ಮಾಡುತ್ತ ನನ್ನ ಹಿಂದೆ ಜಾರಿಕೊಂಡು ಬಂದರು. ಅಜ್ಜಿಯ ಚೀಲದಿಂದ ಕರಿದ ಮಾಂಸದ ವಾಸನೆ ಬರುತ್ತಿತ್ತು. ಬ್ರೆಡ್ಡಿನ ನಡುವೆ ಕರಿದ ಮಾಂಸದ ತುಂಡಿಲ್ಲದೆ ನಮ್ಮವರು ಯಾರೂ ಪ್ರವಾಸ ಹೊರಡುವುದಿಲ್ಲ.

ಐದನೇ ಕೋಣೆ ವೀರರ ಸಭಾಂಗಣ. ಅಲ್ಲಿ ಗೋಡೆ ತುಂಬ ಒಂದೇ ಚಿತ್ರ: ಬಿಳಿ ಕುದುರೆ ಏರಿ ಕೂತ ಧಣಿ ಬೊಹುಸ್ಲಾವ್. ಧಣಿ ಹುಟ್ಟಿದ್ದು, ಮೂರು ಮದುವೆಯಾದದ್ದು, ಎರಡು ಯುದ್ಧ ಸೋತದ್ದು, ಹಲ್ಲುನೋವಿನಿಂದ ತೀರಿಕೊಂಡದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಪದ್ಧತಿಯಂತೆ "ಪ್ರಶ್ನೆಗಳಿವೆಯೇ?" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಗೆ ಜನ ಕೇಳಿರುವುದು ಶೌಚಾಲಯ ಎಲ್ಲಿ ಎಂದು ಮಾತ್ರ.

ಆಪೋಲೆನಾ ಕೈ ಎತ್ತಿದಳು. "ಆಂಟಿ, ಆ ಕುದುರೆ ಹೆಸರೇನು?"

"ಧಣಿಗಳ ಹೆಸರು ಬೊಹುಸ್ಲಾವ್, ಪುಟ್ಟಿ."

"ಅವ್ರದ್ದಲ್ಲ. ಕುದುರೇದು."

ನಾನು ಪಠ್ಯವನ್ನು ಮನಸ್ಸಿನಲ್ಲೇ ತಲೆಯಿಂದ ಬುಡದವರೆಗೆ ತಿರುವಿಹಾಕಿದೆ. ಧಣಿಯ ಮೂವರು ಹೆಂಡಿರ ಹೆಸರಿತ್ತು. ಹಲ್ಲು ಕೀಳಲು ಬಂದವನ ಹೆಸರಿತ್ತು. ಕುದುರೆಯದು ಇರಲಿಲ್ಲ.

"ಬೆಲಾಶ್ ಅಂತ," ಎಂದ ಒತಕರ್. "ಬಿಳೀ ಕುದುರೆ ತಾನೆ? ಬಿಳಿಯ ಅಂದ್ರೆ ಬೆಲಾಶ್. ನಡಿ ಮುಂದೆ, ಹಸಿವಾಗ್ತಿದೆ."

"ನಿಂಗೆ ಹೆಂಗೆ ಗೊತ್ತು?" ಎಂದಳು ಮಗಳು. "ನೀನೂ ಈಗ ತಾನೇ ನೋಡ್ತಿದೀಯ."

"ಮಗು ಕೇಳೋದ್ರಲ್ಲಿ ತಪ್ಪೇನಿದೆ?" ಎಂದರು ಅಜ್ಜಿ. "ನಮ್ಮ ಅಳಿಯನಿಗೆ ಗೊತ್ತಿಲ್ದೇ ಇರೋ ವಿಷಯಾನೇ ಇಲ್ಲ, ಬಾಯ್ಲರ್ ಒಂದು ಬಿಟ್ಟು."

ನಾನು ಅವರನ್ನು ಅಲ್ಲೇ ಕೂರಿಸಿ, ಎರಡೂ ಬಾಗಿಲಿಗೆ ಬೀಗ ಹಾಕಿ, ಕಿಲ್ಲೇದಾರರ ಕೋಣೆಗೆ ಓಡಿದೆ. ಅವರು ಸುತ್ತೋಲೆಗೆ ಚೌಕಟ್ಟು ಹಾಕಿಸುತ್ತ ಕೂತಿದ್ದರು.

"ಏನಾದ್ರೂ ಒಂದು ಹೆಸರು ಹೇಳಿಬಿಡ್ಲಾ, ಸಾರ್? ಚಿಕ್ಕ ಹುಡುಗಿ, ನಂಬ್ತಾಳೆ."

"ಎಂಟನೇ ಕಲಂ, ದ್ರಾಹೊಮೀರಾ! ನಿಮ್ಮ ತಲೆಯಿಂದ ಹೇಳೋ ಹಾಗಿಲ್ಲ. ನಿಮಗೆ ತಲೆ ಇದೆ ಅನ್ನೋದು ಮೇಲಿನ ಕಚೇರಿಗೆ ಗೊತ್ತಾದ್ರೆ ಉತ್ತರ ಕೊಡಬೇಕಾದೋನು ನಾನು." ಅವರು ಕನ್ನಡಕ ಸರಿಮಾಡಿಕೊಂಡು ಹಾಳೆ ಎಳೆದುಕೊಂಡರು. "ಪತ್ರ ಬರೀತೀನಿ. ಎಷ್ಟು ಹೊತ್ತು ಮಹಾ? ನಾಳೆ ಸೋಮವಾರ, ಮಂಗಳವಾರ ಟಪಾಲು ಹೋಗುತ್ತೆ."

ಸೋಮವಾರ ಕೋಟೆಗೆ ವಾರದ ರಜೆ. ರಜೆಯ ದಿನ ಕೋಟೆಯೊಳಗೆ ಪ್ರವಾಸಿಗರು ಇರುವಂತಿಲ್ಲ. ಆದ್ದರಿಂದ ಆ ದಿನ ಕೌಟ್ನಿ ಕುಟುಂಬ ಸಭಾಂಗಣದಲ್ಲಿ ಇರಲಿಲ್ಲ ಎಂದು ದಾಖಲೆ ಹೇಳುತ್ತದೆ. ನಾನು ಅವರಿಗೆ ಬೆಳಿಗ್ಗೆ ಕಾಫಿ ಕೊಟ್ಟದ್ದೂ ಹಾಗಾಗಿ ದಾಖಲೆಯಲ್ಲಿಲ್ಲ.

ಅಜ್ಜಿಯ ವಿಷಯ ಬೇರೆ. ಒತಕರ್, ಯಿತ್ಕಾ ಮತ್ತು ಆಪೋಲೆನಾ ಇದ್ದದ್ದು ಕುಟುಂಬ ಟಿಕೆಟಿನಲ್ಲಿ, ಅದು ಅವಿಭಾಜ್ಯ. ಒಬ್ಬರು ಹೊರಗೆ, ಇಬ್ಬರು ಒಳಗೆ ಎನ್ನುವ ಹಾಗಿಲ್ಲ. ಅಜ್ಜಿ ಇದ್ದದ್ದು ಪಿಂಚಣಿದಾರರ ಟಿಕೆಟಿನಲ್ಲಿ. ಪಿಂಚಣಿದಾರರ ಪ್ರಶ್ನೆಗೆ ಉತ್ತರಿಸಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲವಾದ್ದರಿಂದ ಅವರು ಸರ್ವಸ್ವತಂತ್ರರು. ದಿನಾ ಮಧ್ಯಾಹ್ನದ ಬಸ್ಸಿಗೆ ಬಂದು, ಒಗೆದ ಬಟ್ಟೆ ಕೊಟ್ಟು, ಕರಿದ ಮಾಂಸ ಕೊಟ್ಟು, ಅಳಿಯನಿಗೆ ನಾಲ್ಕು ಮಾತು ಕೊಟ್ಟು ಹೋಗುತ್ತಿದ್ದರು.

ಮೂರನೇ ದಿನ ಒತಕರ್ ಪೊಲೀಸರಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಟಿಕೆಟ್ ತಗೊಂಡಿದೀರಾ?" ಎಂದಿತು ಆ ಕಡೆಯ ದನಿ.

"ತಗೊಂಡಿದೀವಿ."

"ಮಾರ್ಗದರ್ಶಿ ಇದಾರಾ?"

"ಇದಾರೆ, ಇಲ್ಲೇ ನಿಂತಿದಾರೆ."

"ಹಾಗಾದ್ರೆ ನೀವು ಪ್ರವಾಸದಲ್ಲಿದೀರಿ. ಮುಗಿದ ಮೇಲೆ ಫೋನ್ ಮಾಡಿ."

ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಒತಕರ್‌ಗೇ ಹೊರಡುವ ಮನಸ್ಸಿರಲಿಲ್ಲ. ಟಿಕೆಟಿನ ಹಣಕ್ಕೆ ಇನ್ನೂ ಮೂರು ಕೋಣೆ ಬಾಕಿ ಇದೆ, ಬಿಟ್ಟುಹೋಗಲು ನನಗೇನು ಹುಚ್ಚೇ ಎನ್ನುತ್ತಿದ್ದ. ಕಂಗಾಲಾಗಿದ್ದವಳು ಯಿತ್ಕಾ. ಸೆಪ್ಟೆಂಬರ್ ಒಂದನೇ ತಾರೀಖು, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆಗೆ ಆಪೋಲೆನಾ ಒಂದನೇ ತರಗತಿಗೆ ಸೇರಬೇಕಿತ್ತು. ಮುಳ್ಳುಹಂದಿಯ ಚಿತ್ರವಿರುವ ಚೀಲ ಕೊಂಡಾಗಿತ್ತು, ಹದಿನೆಂಟು ಬಣ್ಣದ ಪೆನ್ಸಿಲ್ ಚೂಪು ಮಾಡಿ ಆಗಿತ್ತು. ಕಿಲ್ಲೇದಾರರು ಶಾಲೆಗೆ, ‘ಮಗು ಕೋಟೆಯಲ್ಲಿದೆ’ ಎಂದು ಮೊಹರು ಸಹಿತ ಪ್ರಮಾಣಪತ್ರ ಕಳಿಸಿದರು. ಕಾಯಿಲೆಯ ಹೊರತು ಬೇರೆ ಕಾರಣ ಒಪ್ಪುವಂತಿಲ್ಲ, ಕೋಟೆ ಕಾಯಿಲೆಯಲ್ಲ, ಮೊದಲ ದಿನ ಹಾಜರಾಗದಿದ್ದರೆ ಸೀಟು ರದ್ದು, ಮತ್ತೆ ಮುಂದಿನ ವರ್ಷವೇ ಎಂದು ಶಾಲೆಯವರು ಉತ್ತರಿಸಿದರು. ಅವರೂ ಮೊಹರು ಹಾಕಿದ್ದರು.

"ಬೇಡ ಬಿಡು ಮಗಳೇ, ಪ್ರಶ್ನೆ ವಾಪಸ್ ತಗೋ," ಎಂದು ಯಿತ್ಕಾ ದಿನಾ ಗೋಗರೆಯುತ್ತಿದ್ದಳು. "ಶಾಲೆಗೆ ಹೋಗೋದು ಬೇಡ್ವಾ?"

"ಬೇಕು," ಎನ್ನುತ್ತಿದ್ದಳು ಆಪೋಲೆನಾ. "ಶಾಲೇಲಿ ಎಲ್ಲಿ ಹೋಗಿದ್ದೆ, ಏನು ನೋಡ್ದೆ ಅಂತ ಕೇಳ್ತಾರೆ. ಕುದುರೆ ನೋಡ್ದೆ ಅಂದ್ರೆ ಹೆಸರು ಕೇಳಲ್ವಾ?"

ಹಿಡಿದ ಪಟ್ಟು ಬಿಡುವ ಹುಡುಗಿಯಲ್ಲ. ದಿನವಿಡೀ ಆ ಚಿತ್ರದ ಎದುರು ಕೂತು ಕುದುರೆಯ ಜತೆ ಮಾತಾಡುತ್ತಿದ್ದಳು. ನನ್ನ ಬೇರೆ ಗುಂಪುಗಳು ಬಂದಾಗ ಎದ್ದು ಪಕ್ಕಕ್ಕೆ ನಿಂತು ದಾರಿ ಬಿಡುತ್ತಿದ್ದಳು. ನಾಲ್ಕನೇ ದಿನಕ್ಕೆ ನನ್ನ ಪಠ್ಯ ಅವಳಿಗೆ ಬಾಯಿಪಾಠವಾಗಿತ್ತು. ಧಣಿಯ ಎರಡನೇ ಹೆಂಡತಿಯ ಹೆಸರು ನಾನು ಮರೆತರೆ ಮೂಲೆಯಿಂದ ಹೇಳಿಕೊಡುತ್ತಿದ್ದಳು. ನನಗೆ ಮಕ್ಕಳಿಲ್ಲ. ಆ ಹುಡುಗಿಯನ್ನು ಕಂಡರೆ ನನಗೆ ಬಹಳ ಪ್ರೀತಿ ಬಂದುಬಿಟ್ಟಿತ್ತು, ಅದನ್ನು ಬಚ್ಚಿಟ್ಟು ಏನಾಗಬೇಕು.

ಕಿಲ್ಲೇದಾರ ಶ್ಟೆರ್ಬಾ ಅವರು ಕೈಕಟ್ಟಿ ಕೂರುವವರಲ್ಲ. ಐದನೇ ದಿನ ಹೆಬ್ಬಾಗಿಲಿನಲ್ಲಿ ಪ್ರಕಟಣೆ ಬಿತ್ತು: ‘ಹೊಸ ಸುತ್ತು! ಕೋಟೆಯಲ್ಲಿ ವಾಸವಿರುವ ಕುಟುಂಬ. ಪ್ರತ್ಯೇಕ ಟಿಕೆಟ್. ಕುಟುಂಬಕ್ಕೆ ತಿನಿಸು ಕೊಡಬಾರದು, ಅಜ್ಜಿ ಕೊಡುತ್ತಾರೆ.’ ಜನ ಮುಗಿಬಿದ್ದರು. ಒತಕರ್ ಸೋಫಾ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುವುದನ್ನು ನೋಡಿ, "ಎಷ್ಟು ಸಹಜವಾಗಿದೆ!" ಎಂದು ಬ್ರ್ನೋದಿಂದ ಬಂದ ಹೆಂಗಸೊಬ್ಬಳು ನಿಟ್ಟುಸಿರು ಬಿಟ್ಟಳು. ಪಕ್ಕದ ಊರಿನ ಬಿಯರ್ ಕಾರ್ಖಾನೆಯವನು ಬಂದು, ಕುದುರೆಗೆ ತಮ್ಮ ಬಿಯರಿನ ಹೆಸರಿಟ್ಟರೆ ಕೋಟೆಯ ಚಾವಣಿ ರಿಪೇರಿ ಮಾಡಿಸಿಕೊಡುತ್ತೇವೆ ಎಂದ. ಕಿಲ್ಲೇದಾರರು ಚಾವಣಿಯನ್ನು ಒಮ್ಮೆ, ಸುತ್ತೋಲೆಯನ್ನು ಒಮ್ಮೆ ನೋಡಿ, ಭಾರವಾದ ಮನಸ್ಸಿನಿಂದ ಬೇಡವೆಂದರು. ಮಕ್ಕಳ ಪ್ರಶ್ನೆಗೆ ಬಿಯರಿನ ಉತ್ತರ ಕೊಡಲು ಆರೋಗ್ಯ ಇಲಾಖೆಯ ಒಪ್ಪಿಗೆಯೂ ಬೇಕಾಗುತ್ತಿತ್ತು, ಅದಕ್ಕೆ ಆರು ತಿಂಗಳು.

ಆರನೇ ದಿನ, ಶುಕ್ರವಾರ, ಮೇಲಿನ ಕಚೇರಿಯಿಂದ ಮೊದಲ ಉತ್ತರ ಬಂತು. ಸಾವಿರದ ಒಂಬೈನೂರ ಐವತ್ತೊಂದರ ವಸ್ತುಪಟ್ಟಿಯ ಪ್ರತಿ ಜತೆಗಿತ್ತು. ಆ ವರ್ಷ ಕೋಟೆಯನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಧಣಿಗಳ ಕುದುರೆಗಳನ್ನೆಲ್ಲ ಊರಿನ ಕೃಷಿ ಸಹಕಾರ ಸಂಘಕ್ಕೆ ಒಪ್ಪಿಸಬೇಕೆಂದು ಹುಕುಂ ಆಗಿತ್ತು. ಲೆಕ್ಕ ಹಿಡಿಯಲು ಬಂದ ಗುಮಾಸ್ತ ಪ್ರಾಮಾಣಿಕ ಮನುಷ್ಯ. ಲಾಯದಲ್ಲಿ ನಾಲ್ಕು, ಗೋಡೆಯ ಮೇಲೆ ಒಂದು, ಒಟ್ಟು ಐದು ಕುದುರೆ ಎಂದು ಬರೆದ. ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು: ‘ಕುದುರೆ, ಬಿಳಿ, ಒಂದು. ಸಂಘಕ್ಕೆ ಹಸ್ತಾಂತರಿಸಲಾಗಿದೆ.’ ಹೆಸರು ಎಂಬ ಕಾಲಮಿನಲ್ಲಿ, ‘ಸಂಘದವರು ಇಡತಕ್ಕದ್ದು’.

ಕಿಲ್ಲೇದಾರರು ಹಿಗ್ಗಿ ಹೀರೇಕಾಯಿಯಾದರು. ಕೂಡಲೇ ಸಂಘದ ಹಳೆಯ ಕಾಗದಪತ್ರ ಇಟ್ಟುಕೊಂಡಿರುವವರಿಗೆ ಪತ್ರ ಹೋಯಿತು. ಹತ್ತನೇ ದಿನ ಉತ್ತರ ಬಂತು. ಸಂಘದವರು ಐದು ಕುದುರೆ ಬಂತೆಂದು ಸಹಿ ಹಾಕಿದ್ದರು. ಬಂದದ್ದು ನಾಲ್ಕೇ, ಆದರೆ ಆ ಕಾಲದಲ್ಲಿ ಸರ್ಕಾರದ ಲೆಕ್ಕದಲ್ಲಿ ಒಂದು ಕುದುರೆ ಕಡಿಮೆಯಿದೆ ಎಂದು ಬಾಯಿಬಿಡಲು ಯಾರಿಗೆ ಎರಡು ತಲೆಯಿತ್ತು? ಐದನೇ ಕುದುರೆ ಏಳು ವರ್ಷ ಸಂಘದಲ್ಲಿ ದುಡಿದಿತ್ತು. ಅದರ ಹೆಸರಿನಲ್ಲಿ ದಿನಾ ಓಟ್ಸ್ ಇಳಿಯುತ್ತಿತ್ತು, ಅಧ್ಯಕ್ಷರ ಮನೆಯ ಕೋಳಿಗಳು ಆ ವರ್ಷಗಳಲ್ಲಿ ಬಹಳ ಚೆನ್ನಾಗಿದ್ದವಂತೆ. ಉಳುಮೆಯಲ್ಲಿ ಗುರಿ ಮೀರಿ ಸಾಧಿಸಿದ್ದಕ್ಕೆ ಎರಡು ಸಲ ಪ್ರಶಂಸಾಪತ್ರ ಪಡೆದು, ಐವತ್ತೆಂಟರಲ್ಲಿ, ಲೆಕ್ಕ ತಪಾಸಣೆಯವರು ಬರುವ ಹಿಂದಿನ ವಾರ, ಹೊಟ್ಟೆಶೂಲೆಯಿಂದ ಸತ್ತಿತ್ತು. ಹೆಸರಿನ ಕಾಲಮಿನಲ್ಲಿ, ‘ಕೋಟೆಯಲ್ಲಿ ಇದ್ದಂತೆ’ ಎಂದಿತ್ತು.

ಅದನ್ನು ನಾನೇ ಯಿತ್ಕಾಗೆ ಓದಿ ಹೇಳಿದೆ. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಶಾಲೆಗೆ ಇನ್ನು ಮೂರೇ ದಿನ.

"ಸತ್ತೋಯ್ತಾ?" ಎಂದಳು ಆಪೋಲೆನಾ, ಚಿತ್ರದ ಕಡೆ ನೋಡಿ. "ಪಾಪ. ಹೆಸರಿಲ್ದೇನೇ ಸತ್ತೋಯ್ತು."

ಆಗಸ್ಟ್ ಮೂವತ್ತೊಂದು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಅಧಿಕಾರಿಗಳಾದ ವಿಕ್ಟೊರಿನ್ ಪೆಶೆಕ್ ಅವರು ಖುದ್ದಾಗಿ ಬಂದರು. ಸೌಮ್ಯ ಮನುಷ್ಯ. ಕಂಬಳಿ ಚಪ್ಪಲಿಯಲ್ಲಿ ಜಾರಿ ಬೀಳುವವರಿದ್ದರು, ಒತಕರ್ ಹಿಡಿದುಕೊಂಡ. ಅವರು ಕಡತ ಬಿಚ್ಚಿ ತೀರ್ಮಾನವನ್ನು ಓದಿದರು: ‘ಸದರಿ ಕುದುರೆಯು ಐವತ್ತೊಂದರಿಂದ ಕೋಟೆಯಲ್ಲಿ ಇರುವುದಿಲ್ಲ. ಐವತ್ತೆಂಟರಿಂದ ಎಲ್ಲಿಯೂ ಇರುವುದಿಲ್ಲ. ಕೋಣೆಯಲ್ಲಿ ಇಲ್ಲದ ವಸ್ತುವಿನ ಬಗ್ಗೆ ಕೇಳಿದ ಪ್ರಶ್ನೆಯು ಪ್ರಶ್ನೆಯೆನಿಸುವುದಿಲ್ಲ. ಹಾಜರಿದ್ದವರೆಲ್ಲರೂ ತಮಗೆ ಯಾವುದೇ ಕುದುರೆ ಕಾಣುತ್ತಿಲ್ಲವೆಂದು ಸಹಿ ಮಾಡಿಕೊಟ್ಟಲ್ಲಿ ಕುಟುಂಬವನ್ನು ಮುಂದಿನ ಕೋಣೆಗೆ ಬಿಡಬಹುದು.’

ಮೊದಲು ಸಹಿ ಹಾಕಿದವರು ಕಿಲ್ಲೇದಾರರು. ಚಿತ್ರದ ಕಡೆ ಹತ್ತು ಸೆಕೆಂಡು ಗಂಭೀರವಾಗಿ ನೋಡಿ, "ಖಂಡಿತಾ ಇಲ್ಲ" ಎಂದು ಹಾಕಿದರು. ಒತಕರ್ ಹಾಕಿದ. ಯಿತ್ಕಾ ನೋಡಲೂ ಇಲ್ಲ, ಹಾಕಿದಳು. ಅಂದು ಬೆಳಗಿನ ಬಸ್ಸಿಗೇ ಬಂದಿದ್ದ ಫಿಲೊಮೆನಾ ಅಜ್ಜಿ ಸಾಕ್ಷಿಯಾಗಿ ಹಾಕಬೇಕಾಯಿತು. "ನಂಗೆ ಕನ್ನಡಕ ಇಲ್ದೆ ಆನೇನೂ ಕಾಣಲ್ಲ, ಇನ್ನು ಕುದುರೆ ಎಲ್ಲಿ ಬಂತು" ಎಂದರು, ಕನ್ನಡಕ ಮೂಗಿನ ಮೇಲೆಯೇ ಇತ್ತು.

ಪೆಶೆಕ್ ಅವರು ಆಪೋಲೆನಾಳ ಎದುರು ಮಂಡಿಯೂರಿ ಕೂತರು. "ನೀನೂ ನಿನ್ನ ಹೆಸರು ಬರೀಮ್ಮ. ಬರೆಯೋಕೆ ಬರುತ್ತಲ್ಲ?"

"ಬರುತ್ತೆ. ಆದ್ರೆ ಕುದುರೆ ಇದೆಯಲ್ಲ. ಅಲ್ಲೇ ಇದೆ."

"ಇಲ್ಲಮ್ಮ. ನೋಡು, ಎಲ್ರೂ ದೊಡ್ಡೋರು, ಎಲ್ರೂ ಇಲ್ಲ ಅಂತ ಬರ್ದಿದಾರೆ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನ ಹತ್ತಿರ ನಿಂತಳು. ನನ್ನ ಸಹಿ ಇನ್ನೂ ಆಗಿರಲಿಲ್ಲ. "ಆಂಟಿ, ನಿಮಗೆ ಕಾಣ್ತಿದೆ ಅಲ್ವಾ?"

ಇಪ್ಪತ್ತೆರಡು ವರ್ಷದಿಂದ ಆ ಕುದುರೆಯ ಧೂಳು ಒರೆಸಿದವಳು ನಾನು. ಅದರ ಎಡಗಿವಿಯ ತುದಿಯಲ್ಲಿ ಬಣ್ಣ ಕಿತ್ತುಬಂದಿರುವುದು ನನಗೆ ಗೊತ್ತು, ಮೂಗಿನ ಮೇಲಿನ ಬಿರುಕು ಗೊತ್ತು. ಬೀಗ ತೆಗೆಯದಿದ್ದರೆ ನಾಳೆ ಎಂಟು ಗಂಟೆಗೆ ಈ ಹುಡುಗಿಯ ಸೀಟು ಹೋಗುತ್ತದೆ ಎನ್ನುವುದೂ ಗೊತ್ತು.

"ಇಲ್ಲ ಪುಟ್ಟಿ," ಎಂದೆ. "ಕಾಣ್ತಿಲ್ಲ." ಸಹಿ ಹಾಕಿದೆ. ಕೆಲಸದ ವೇಳೆಯಲ್ಲಿ ಅಳುವುದರ ಬಗ್ಗೆ ನಿಯಮವೇನೂ ಇಲ್ಲದ ಕಾರಣ ಕಿಟಕಿಯ ಕಡೆ ತಿರುಗಿ ಸ್ವಲ್ಪ ಅತ್ತೆ.

ಆಪೋಲೆನಾ ಗೋಡೆಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಮತ್ತೆ ಧಣಿ ಯಾವುದರ ಮೇಲೆ ಕೂತಿದಾರೆ?"

ಪೆಶೆಕ್ ಅವರ ಪೆನ್ನು ಗಾಳಿಯಲ್ಲೇ ನಿಂತಿತು. ಕಿಲ್ಲೇದಾರರು ಸುತ್ತೋಲೆಯನ್ನು ಎದೆಗವುಚಿಕೊಂಡರು.

"ಇದು ಪ್ರಶ್ನೆಯೇ?" ಎಂದರು ಪೆಶೆಕ್.

"ಅಯ್ಯೋ, ಇಲ್ಲ ಸಾರ್!" ಒತಕರ್ ಹಾರಿ ಮಗಳ ಹೆಗಲು ಹಿಡಿದುಕೊಂಡ. "ಸುಮ್ನೆ ಏನೋ ಹೇಳ್ತಿದಾಳೆ. ಪ್ರಶ್ನೆ ಅಲ್ಲ. ಅಲ್ಲ ತಾನೆ ಮಗಳೇ? ಪ್ರಶ್ನೆ ಅಲ್ಲ ಅನ್ನು."

"ಪ್ಲೀಸ್," ಎಂದಳು ಯಿತ್ಕಾ.

ಹುಡುಗಿ ಅಮ್ಮನ ಮುಖ ನೋಡಿದಳು. "ಪ್ರಶ್ನೆ ಅಲ್ಲ," ಎಂದಳು. "ನನ್ನ ಹತ್ರ ಪ್ರಶ್ನೆ ಇಲ್ಲ." ಪೆನ್ನು ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು, ದೊಡ್ಡ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಉಳಿದ ಮೂರು ಕೋಣೆಗಳನ್ನು ಒತಕರ್ ಒಂದೊಂದು ಕುರ್ಚಿಯನ್ನೂ ಬಿಡದೆ ನೋಡಿದ. ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗಲೇ ಆಪೋಲೆನಾ ಶಾಲೆಯ ಬಾಗಿಲಲ್ಲಿದ್ದಳು ಎಂದು ಯಿತ್ಕಾ ನನಗೆ ಕಾರ್ಡು ಬರೆದಿದ್ದಳು.

ಕುಟುಂಬಗಳು ಅತಿ ಹೆಚ್ಚು ಹೊತ್ತು ಕಳೆಯಲು ಬಯಸುವ ಸ್ಮಾರಕ ಎಂಬ ಪ್ರಶಸ್ತಿ ಆ ವರ್ಷ ನಮ್ಮ ಕೋಟೆಗೆ ಬಂತು. ಕಿಲ್ಲೇದಾರರು ಭಾಷಣದಲ್ಲಿ ಕೌಟ್ನಿ ಕುಟುಂಬವನ್ನು ಹೃತ್ಪೂರ್ವಕವಾಗಿ ನೆನೆದರು. ಚಳಿಗಾಲದಲ್ಲಿ ಕಚೇರಿಯಿಂದ ಚಿತ್ರ ದುರಸ್ತಿ ಮಾಡುವವರು ಇಬ್ಬರು ಬಂದರು. ವಸ್ತುಪಟ್ಟಿಗೂ ವಸ್ತುವಿಗೂ ತಾಳೆಯಾಗುತ್ತಿಲ್ಲ, ತಾಳೆ ಮಾಡತಕ್ಕದ್ದು ಎಂಬ ಆದೇಶ ಅವರ ಕೈಯಲ್ಲಿತ್ತು. ಹದಿನೇಳು ದಿನ ಕೂತು ಕುದುರೆಯನ್ನು ನೀಟಾಗಿ ಅಳಿಸಿ, ಅಲ್ಲಿ ಒಂದಿಷ್ಟು ಹುಲ್ಲು, ದೂರದಲ್ಲಿ ಒಂದು ಮೋಡ ಬರೆದರು. ಕೆಲಸ ಅಚ್ಚುಕಟ್ಟು. ಧಣಿ ಬೊಹುಸ್ಲಾವ್ ಈಗ ನೆಲದಿಂದ ಎರಡು ಮೊಳ ಮೇಲೆ, ಕಾಲು ಅಗಲಿಸಿಕೊಂಡು, ಎಡಗೈಯಲ್ಲಿ ಏನನ್ನೋ ಹಿಡಿದುಕೊಂಡು ಕೂತಿದ್ದಾರೆ. ಅನುಮೋದಿತ ಪಠ್ಯದಲ್ಲಿ ಇದನ್ನು ‘ವಿಶ್ರಾಂತಿಯ ಭಂಗಿ’ ಎಂದು ಬರೆಯಲಾಗಿದೆ.

ಜೂನ್ ತಿಂಗಳಲ್ಲಿ ಶಾಲಾ ಪ್ರವಾಸಗಳು ಶುರುವಾಗುತ್ತವೆ. ಪ್ರೊಸ್ತೆಯೋವ್‌ನ ಒಂದನೇ ತರಗತಿಯೂ ಬಂತು, ಇಪ್ಪತ್ತಮೂರು ಮಕ್ಕಳು, ಒಬ್ಬ ಟೀಚರ್. ಆಪೋಲೆನಾಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. ನನ್ನನ್ನು ನೋಡಿ ನಕ್ಕಳು. ನನಗೆ ಅಪ್ಪಿಕೊಳ್ಳಬೇಕೆನಿಸಿತು, ಆದರೆ ಕೈಯಲ್ಲಿ ಬೀಗದಕೈ ಗೊಂಚಲಿತ್ತು. ವೀರರ ಸಭಾಂಗಣದಲ್ಲಿ ಧಣಿಯ ಹುಟ್ಟು, ಮದುವೆ, ಯುದ್ಧ, ಹಲ್ಲು ಎಲ್ಲ ಒಪ್ಪಿಸಿ, "ಪ್ರಶ್ನೆಗಳಿವೆಯೇ?" ಎಂದೆ.

ಮುಂದಿನ ಸಾಲಿನಲ್ಲಿದ್ದ ಗುಂಗುರು ಕೂದಲಿನ ಹುಡುಗನೊಬ್ಬ ಬಾಯಿ ತೆರೆದುಕೊಂಡು ಗಾಳಿಯಲ್ಲಿ ಕೂತ ಧಣಿಯನ್ನೇ ನೋಡುತ್ತಿದ್ದ. ಕೈ ಮೆಲ್ಲಗೆ ಮೇಲೇರತೊಡಗಿತು. ಆಪೋಲೆನಾ ಅದನ್ನು ಹಿಡಿದು ಕೆಳಗಿಳಿಸಿದಳು.

"ಕೇಳ್ಬೇಡ ಕಣೋ," ಎಂದಳು ಅವನ ಕಿವಿಯಲ್ಲಿ. "ಕೇಳಿದ್ರೆ ಮನೆಗೆ ಬಿಡಲ್ಲ."

ಮಾತು ಸಾಲಿನಿಂದ ಸಾಲಿಗೆ ಹೋಯಿತು. ಇಪ್ಪತ್ತಮೂರು ಮಕ್ಕಳೂ ಕೈಕಟ್ಟಿ ನಿಂತರು. ಇಷ್ಟು ಶಿಸ್ತಿನ ತರಗತಿ ತಮಗೆ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಟೀಚರ್ ಹೆಮ್ಮೆಯಿಂದ ಹೇಳಿದರು. ನಾನು ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದನ್ನು ಒಮ್ಮೆ ಎಳೆದು ನೋಡಿ, ಮುಂದಿನ ಕೋಣೆಯ ಬೀಗ ತೆಗೆದೆ.